ಮೂರನೇ ನಂಬರಿನ ರೈಫಲ್ಲು

ರಬಕವಿಯಿಂದ ಜಮಖಂಡಿಗೆ ಹೋಗುವ ಬೆಳಗಿನ ಬಸ್ಸು ಎಷ್ಟೇ ತುಂಬಿರಲಿ, ಶಿದ್ರಾಮಪ್ಪನ ಪಕ್ಕದ ಸೀಟು ಬನಹಟ್ಟಿಯವರೆಗೆ ಖಾಲಿಯೇ ಇರುತ್ತಿತ್ತು. ಮನುಷ್ಯ ಕೆಟ್ಟವನೆಂದಲ್ಲ. ಅವನ ಮೈಗೆ ಬಂದೂಕಿನ ಎಣ್ಣೆಯ ವಾಸನೆ ಹತ್ತಿತ್ತು. ಇಪ್ಪತ್ತನಾಲ್ಕು ವರ್ಷ ಫೌಜಿನಲ್ಲಿ ಬಂದೂಕು ರಿಪೇರಿ ಮಾಡಿ ಹವಾಲ್ದಾರನಾಗಿ ಬಂದವನು, ಆಮೇಲೆ ಹನ್ನೆರಡು ವರ್ಷದಿಂದ ಜಮಖಂಡಿಯ ರೈಫಲ್ ಕ್ಲಬ್ಬಿನಲ್ಲಿ ಅದೇ ಕೆಲಸ. ಸಾಬೂನಾದರೂ ಎಷ್ಟಂತ ಮಾಡೀತು? ಹೆಂಡತಿ ದಾನಮ್ಮ ನೆರೆಯವರೆದುರು, “ನಮ್ಮ ಮನ್ಯಾಗ ಮಲ್ಲಿಗಿ ಹೂವಿಗೆ ಸೈತ ಎಣ್ಣಿ ವಾಸನಿನ ಬರ್ತೈತ್ರಿ” ಎಂದು ಹೇಳಿ ನಗುತ್ತಿದ್ದಳು. ಶಿದ್ರಾಮಪ್ಪ ನಗುತ್ತಿರಲಿಲ್ಲ. ನಗುವುದು ಅವನ ಜಾಯಮಾನದಲ್ಲಿ ಕಡಿಮೆ.

ಹುಟ್ಟಿದ್ದು ನೇಕಾರರ ಮನೆಯಲ್ಲಿ. ತಾಯಿ ಮುದಕವ್ವ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಳೆಂದರೆ ಹೊತ್ತು ಮುಳುಗುವ ತನಕ ಏಳುತ್ತಿರಲಿಲ್ಲ. ಮಗನಿಗೂ ಅದನ್ನೇ ಕಲಿಸಿದಳು. ಎಳೆ ಹರಿದರೆ ಹುಡುಕುತ್ತ ಹಿಂದಕ್ಕೆ ಹೋಗಬಾರದು, ಹರಿದದ್ದು ಎಲ್ಲಿ ಕಾಣುತ್ತದೋ ಅಲ್ಲೇ ಬೆರಳಿಟ್ಟು ಗಂಟು ಹಾಕಬೇಕು, ಇಲ್ಲದಿದ್ದರೆ ಸೀರೆ ಕೆಟ್ಟಿತು ಎನ್ನುವಳು. ಶಿದ್ರಾಮಪ್ಪನ ಬೆರಳು ಚುರುಕಾಗಿದ್ದವು, ಮನಸ್ಸು ಮಾತ್ರ ಕುಣಿಯೊಳಗೆ ನಿಲ್ಲಲಿಲ್ಲ. ಹತ್ತೊಂಬತ್ತಕ್ಕೆ ಬೆಳಗಾವಿಗೆ ಹೋಗಿ ಭರ್ತಿಯಾದ. ಅಲ್ಲಿ ಯಾರೋ ಸುಬೇದಾರ ಅವನ ಬೆರಳು ನೋಡಿ ಬಂದೂಕು ಬಿಚ್ಚುವ ಕೆಲಸಕ್ಕೆ ಹಾಕಿದ. ಅಂದು ಹಿಡಿದ ನಳಿಗೆ ತಿಕ್ಕುವ ಸರಳನ್ನು ಐವತ್ತೈದರಲ್ಲೂ ಬಿಟ್ಟಿರಲಿಲ್ಲ.

ಕ್ಲಬ್ಬೆಂದರೆ ದೊಡ್ಡದೇನಲ್ಲ. ಊರ ಹೊರಗೆ ಗುಡ್ಡದ ಬುಡದಲ್ಲಿ ಕಲ್ಲು ಒಡೆದು ಬಿಟ್ಟ ಒಂದು ಖಣಿ. ಖಣಿಯ ಗೋಡೆಗೆ ಮಣ್ಣಿನ ಒಡ್ಡು, ಒಡ್ಡಿನ ಮುಂದೆ ಗುರಿಯ ಹಲಗೆಗಳು, ಐವತ್ತು ಮೀಟರ್ ಈಚೆ ಒಂದು ತಗಡಿನ ಶೆಡ್ಡು. ಕಬ್ಬಿಣದ ಕಪಾಟಿನಲ್ಲಿ ಮೂರು ರೈಫಲ್ಲು. ಗುಂಡಿನ ಪೆಟ್ಟಿಗೆ ಬೇರೆ ಕೋಣೆಯಲ್ಲಿ, ಅದರ ಕೀಲಿ ಕಾರ್ಯದರ್ಶಿ ಡಾಕ್ಟರ್ ಧೀರೇಂದ್ರರ ಹತ್ತಿರ. ಕಪಾಟಿನ ಕೀಲಿ ಶಿದ್ರಾಮಪ್ಪನ ಉಡದಾರಕ್ಕೆ.

ಬನಹಟ್ಟಿಯಲ್ಲಿ ಬಸ್ಸು ಹತ್ತಿ ಆ ಖಾಲಿ ಸೀಟಿನಲ್ಲಿ ಬಂದು ಕೂರುತ್ತಿದ್ದವಳು ಪೂರ್ಣಿಮಾ. ಮಾಂತೇಶನ ಮಗಳು, ಮನೆಯಲ್ಲಿ ನಾಲ್ಕು ಪವರ್‌ಲೂಮ್. ಕಾಲೇಜಿನ ಕ್ಯಾಂಪಿನಲ್ಲಿ ಒಮ್ಮೆ ರೈಫಲ್ ಹಿಡಿದವಳು, ಮೂರು ವರ್ಷದಿಂದ ಕ್ಲಬ್ಬಿಗೆ ತಪ್ಪದೆ ಬರುತ್ತಿದ್ದಳು. ಮಗ್ಗದ ಸಪ್ಪಳದಲ್ಲೇ ತೊಟ್ಟಿಲು ತೂಗಿಸಿಕೊಂಡವಳಿಗೆ ಗುಂಡಿನ ಸಪ್ಪಳ ಯಾವ ಲೆಕ್ಕ? ಚಾಪೆಯ ಮೇಲೆ ಬೋರಲು ಮಲಗಿ ಉಸಿರು ಹಿಡಿದಳೆಂದರೆ ರೆಪ್ಪೆ ಅಲುಗುತ್ತಿರಲಿಲ್ಲ. ಮೂರನೇ ನಂಬರಿನ ರೈಫಲ್ಲು ಅವಳ ಭುಜಕ್ಕೆ ಹೇಳಿ ಮಾಡಿಸಿದಂತಿತ್ತು. ಅದರಲ್ಲಿ ಅವಳು ಹೊಡೆದ ಐದು ಗುಂಡಿನ ತೂತುಗಳನ್ನು ಒಂದು ರೂಪಾಯಿ ನಾಣ್ಯದಿಂದ ಮುಚ್ಚಬಹುದಾಗಿತ್ತು.

ಶಿದ್ರಾಮಪ್ಪನಿಗೆ ಮಕ್ಕಳಿಲ್ಲ. ಅದನ್ನು ಅವನು ಎಂದೂ ಬಾಯಿಬಿಟ್ಟು ಆಡಿದವನಲ್ಲ. ಆದರೆ ಆ ಹುಡುಗಿಯ ಗುರಿಯ ಹಾಳೆಗಳನ್ನು ಮನೆಗೆ ತಂದು ಹಾಸಿಗೆಯ ಕೆಳಗೆ ಜೋಡಿಸಿಡುತ್ತಿದ್ದ. ಅವಳ ಮೇಲೆ ಅವನಿಗೆ ಪ್ರೀತಿಯಿತ್ತು.

ಆ ವರ್ಷ ಅವಳಿಗೆ ಕೊನೆಯ ಅವಕಾಶ. ಇಪ್ಪತ್ತೊಂದರ ಒಳಗಿನವರ ರಾಜ್ಯ ತಂಡದ ಆಯ್ಕೆ ದಸರೆ ಕಳೆದು ಇಪ್ಪತ್ತು ದಿನಕ್ಕೆ ಬೆಳಗಾವಿಯಲ್ಲಿ ಇತ್ತು. ಮುಂದಿನ ವರ್ಷ ಅವಳ ವಯಸ್ಸು ದಾಟುತ್ತಿತ್ತು. ಮಾಂತೇಶ ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಿದ್ದ: “ಈ ಸಲ ಆರಿಸಿ ಬಂದಿ ಅಂದ್ರ ಮುಂದಿಂದು ಮಾತಾಡೂನು. ಇಲ್ಲಂದ್ರ ಮಗ್ಗದ ಮುಂದ ನಿಂದರಬೇಕು. ನನ್ನೊಬ್ಬನ ಕೈಲೆ ನಾಕು ಮಗ್ಗ ನೀಗೂದಿಲ್ಲ.” ಆ ಮಾತಿನಲ್ಲಿ ತಪ್ಪಿರಲಿಲ್ಲ. ಅವನಿಗೂ ಸೊಂಟ ಹಿಡಿದಿತ್ತು.

ಇನ್ನು ಖಂಡೇಪೂಜೆಯ, ಅಂದರೆ ದಸರೆಯ ಆಯುಧಪೂಜೆಯ ವಿಷಯ. ನೇಕಾರರ ಮನೆಗಳಲ್ಲಿ ಅಂದು ಮಗ್ಗ ನಿಲ್ಲುತ್ತದೆ. ಲಾಳಿ, ಹಣಿಗೆ, ಕತ್ತರಿ ಎಲ್ಲವನ್ನೂ ತೊಳೆದು ಕಂಬಳಿಯ ಮೇಲೆ ಕೂಡಿಸಿ ಪೂಜೆ. ಒಮ್ಮೆ ಕೂಡಿಸಿದ ಮೇಲೆ ಮರುದಿನ ಬನ್ನಿ ಕೊಟ್ಟು ತಕ್ಕೊಂಡು ಆಗುವ ತನಕ ಅವುಗಳನ್ನು ಮುಟ್ಟುವ ಹಾಗಿಲ್ಲ. ಮುದಕವ್ವನ ಮನೆಯಲ್ಲಿ ಇದು ಇನ್ನೂ ಬಿಗಿ. ಬನ್ನಿಯ ಮರುದಿನವೂ ಹಣ್ಣುಕಾಯಿ ಮಾಡಿಸಿದ ಮೇಲೆಯೇ ಆಯುಧ ಎಬ್ಬಿಸುವುದು. ತಾಯಿ ಸತ್ತು ಹದಿನೈದು ವರ್ಷವಾದರೂ ಶಿದ್ರಾಮಪ್ಪ ಆ ರೀತಿ ಬಿಟ್ಟಿರಲಿಲ್ಲ, ಕ್ಲಬ್ಬಿನಲ್ಲೂ ಅದನ್ನೇ ನಡೆಸಿದ್ದ. ಪ್ರತಿ ವರ್ಷ ಕೂಡಿಸುವ ಮೊದಲು ಮೂರೂ ನಳಿಗೆಗಳ ಬಾಯಿಗೆ ಎಣ್ಣೆಯಲ್ಲಿ ತೋಯಿಸಿದ ಚಿಂದಿ ತುರುಕುತ್ತಿದ್ದ. ಆ ವರ್ಷ ತುರುಕಿದ್ದು ಎರಡಕ್ಕೇ. ಮೂರನೆಯದಕ್ಕೆ ಹೊರಟಾಗ ಡಾಕ್ಟರು ಸಂಸಾರ ಸಮೇತ ಬಂದಿಳಿದರು, ಆದರಾತಿಥ್ಯದಲ್ಲಿ ಮರೆತು ಹೋಯಿತು.

ಧೀರೇಂದ್ರ ಡಾಕ್ಟರಿಗೆ ಕಾಯಿ ಒಡೆಯುವ ಹುಮ್ಮಸ್ಸು ಜಾಸ್ತಿ. ಒಂದೇ ಏಟಿಗೆ ಒಡೆದರು. ನೀರು ಚಿಲ್ಲನೆ ಹಾರಿ ಮೂರನೇ ನಂಬರಿನ ಬಾಯಿಗೆ ಬಿತ್ತು. ಮೇಲೆ ಅರಿಶಿಣ ಕುಂಕುಮ. ಶಿದ್ರಾಮಪ್ಪ ನೋಡಿದ. ಕೈ ತಾನಾಗಿಯೇ ಜೇಬಿನ ಚಿಂದಿಗೆ ಹೋಯಿತು. ಆದರೆ ಆಯುಧ ಕೂಡಿಸಿ ಆಗಿದೆ, ಆರತಿ ಎತ್ತಿ ಆಗಿದೆ, ಎಬ್ಬಿಸುವುದು ಹೇಗೆ? ಕೈ ಹೊರಬಂತು, ಚಿಂದಿ ಜೇಬಿನಲ್ಲೇ ಉಳಿಯಿತು. ಮರುದಿನ ಊರಲ್ಲಿ ಬನ್ನಿ, ಬಂಗಾರದಂಗ ಇರೂಣು ಎಂದು ಕಂಡವರಿಗೆಲ್ಲ ಕೈ ಮುಗಿದಿದ್ದೇ ಆಯಿತು. ಅದರ ಮರುದಿನ ಬಸ್ಸು ಸಿಕ್ಕಿದ್ದು ಮಧ್ಯಾಹ್ನಕ್ಕೆ. ಹೋಗಿ ನಳಿಗೆಯನ್ನು ಬೆಳಕಿಗೆ ಹಿಡಿದರೆ, ಬಾಯಿಯಿಂದ ಎರಡು ಬೆರಳು ಒಳಗೆ ಕಂದು ಕಲೆ. ತುಕ್ಕು. ಕಬ್ಬಿಣಕ್ಕೆ ಜಂಗು ಹತ್ತಿತ್ತು.

ಅಂದೇ ಡಾಕ್ಟರಿಗೆ ಹೇಳಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. ಹೇಳಿದರೆ ಮೂರನೇ ನಂಬರು ಮೂಲೆಗೆ ಹೋಗುತ್ತದೆ, ಆ ಹುಡುಗಿ ಕೈಗೆ ಒಗ್ಗದ ಬೇರೊಂದನ್ನು ಹಿಡಿದು ಬೆಳಗಾವಿಗೆ ಹೋಗಬೇಕಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳಲ್ಲ. ಆದರೆ ಮೂವತ್ತಾರು ವರ್ಷದಲ್ಲಿ ಶಿದ್ರಾಮಪ್ಪನ ಕೈಯಲ್ಲಿ ಒಂದು ನಳಿಗೆಗೂ ಜಂಗು ಹತ್ತಿದ್ದಿಲ್ಲ ಎಂಬ ಮಾತಿಗೆ ಕುಂದು ಬರುತ್ತದಲ್ಲ, ಹೆಚ್ಚು ಚುಚ್ಚಿದ್ದು ಅದು.

ಮೊದಲ ದಿನ ಕೆಲಸವನ್ನು ನೇಮದಿಂದಲೇ ಮಾಡಿದ. ಬೋಲ್ಟ್ ತೆಗೆದು ಹಿಂದಿನಿಂದ ಹಿತ್ತಾಳೆಯ ಕೊಳವೆ ಕೂಡಿಸಿ, ಸರಳು ನೇರ ಹೋಗುವಂತೆ ಮಾಡಿ, ನಯವಾದ ಪಾಲಿಶ್ ಪೇಸ್ಟನ್ನು ಸಾಸಿವೆಯಷ್ಟು ಚಿಂದಿಗೆ ಸವರಿ, ಎಣಿಸಿ ಹದಿನೈದು ಸಲ ಆಡಿಸಿದ. ಕಲೆ ತೆಳುವಾಯಿತು, ಹೋಗಲಿಲ್ಲ. ಡಬ್ಬಿಯಲ್ಲಿ ಪೇಸ್ಟ್ ತೀರಿತು. ಹೊಸದು ಹೊರಗಿನಿಂದ ಬರಬೇಕು, ವಾರ ಹಿಡಿಯುತ್ತದೆ. ಮರುದಿನ ಬಸ್ ಸ್ಟ್ಯಾಂಡಿನ ಪಕ್ಕದ ಗ್ಯಾರೇಜಿನಿಂದ ಒಂದು ಚೂರು ಗ್ರೈಂಡಿಂಗ್ ಪೇಸ್ಟ್ ಕಾಗದದಲ್ಲಿ ಕಟ್ಟಿಸಿಕೊಂಡು ಬಂದ. ಅದು ಇಂಜಿನ್ನಿನ ವಾಲ್ವ್ ತಿಕ್ಕುವಂಥದ್ದು, ಕೈಯಲ್ಲಿ ಹಿಡಿದರೆ ಮರಳಿನ ಹಾಗೆ ಗರಗರ ಎನ್ನುತ್ತದೆ. ನಳಿಗೆಗೆ ಅದನ್ನು ತೋರಿಸಲೂ ಬಾರದು ಎಂದು ಫೌಜಿನಲ್ಲಿ ಎಷ್ಟು ಜನರಿಗೆ ಬೈದಿದ್ದನೋ.

ಇಷ್ಟೇ ಆಗಿದ್ದರೂ ನಳಿಗೆ ಉಳಿಯುತ್ತಿತ್ತೇನೋ. ಕಲೆ ಕಾಣುತ್ತಿದ್ದದ್ದು ಬಾಯಿಯ ಹತ್ತಿರ. ಅಷ್ಟಕ್ಕಾಗಿ ಹಿಂದಿನಿಂದ ಮಾರುದ್ದ ಸರಳು ತೂರಿಸಿಕೊಂಡು ಬರುವುದೇಕೆ? ನೇಕಾರನ ಕೈ, ಹರಿದದ್ದು ಕಾಣುವಲ್ಲಿಗೆ ಹೋಯಿತು. ಕೊಳವೆಯ ಆಸರೆಯಿಲ್ಲದೆ ಬಾಯಿಯಿಂದಲೇ ಸರಳು ಹಾಕಿ ತಿಕ್ಕಿದ. ಎಣಿಸಲಿಲ್ಲ. ಸರಳು ಒಂದು ಮಗ್ಗುಲಿಗೆ ವಾಲಿ ನಳಿಗೆಯ ಬಾಯಂಚನ್ನು ಪ್ರತಿ ಸಲವೂ ಸವರುತ್ತ ಹೋಯಿತು. ಗುಂಡು ನಳಿಗೆಯನ್ನು ಕಟ್ಟಕಡೆಗೆ ಬಿಡುವುದು ಆ ಅಂಚಿನಲ್ಲಿ. ಅದು ಕೂದಲೆಳೆಯಷ್ಟು ಸವೆದು ಓರೆಯಾದರೂ ಸಾಕು, ಗುಂಡು ಹೋಗುವಾಗ ಮಗ್ಗುಲಿಗೆ ತಳ್ಳಿಸಿಕೊಂಡು ಹೋಗುತ್ತದೆ. ಇದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಆ ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ಅಡ್ಡ ಬಂದು ಬೈಯುವವರೂ ಇರಲಿಲ್ಲ, ಅದೇ ಕೆಟ್ಟದ್ದಾಯಿತು. ಮಧ್ಯಾಹ್ನದ ಹೊತ್ತಿಗೆ ಒಳಗೆ ನೋಡಿದ. ಕಲೆ ಮಾಯ, ನಳಿಗೆ ಹೊಸ ಬೆಳ್ಳಿಯಂತೆ ಥಳಥಳ. ಶಿದ್ರಾಮಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿ ಡಬ್ಬಿ ಬಿಚ್ಚಿ ರೊಟ್ಟಿ ತಿಂದ.

ಪೂರ್ಣಿಮಾ ಮರುದಿನ ಬಂದು ಐದು ಗುಂಡು ಹೊಡೆದಳು. ತೂತುಗಳು ಅಂಗೈಯಗಲ ಚೆದುರಿದ್ದವು.

“ಕಾಕಾರ, ಹಿಂಗ್ಯಾಕಾತ್ರಿ?” ಎಂದು ಎದ್ದು ಕೂತಳು.

ಶಿದ್ರಾಮಪ್ಪ ದುರ್ಬೀನಿನಿಂದ ಹಾಳೆ ನೋಡಿದ. ತಿಕ್ಕಿದ ನಳಿಗೆಯ ನೆನಪಾಯಿತು. ಅದನ್ನು ಅಲ್ಲೇ ಅದುಮಿ, “ಹಬ್ಬದಾಗ ನಾಕ ದಿನಾ ಬಿಟ್ಟಿದ್ದಿಯಲ್ಲಾ, ಬಟ್ಟು ಜಗ್ಗಾಕತ್ತೇತಿ. ಮೆಲ್ಲಕ ಒತ್ತು” ಎಂದು ಅವಳ ಬೆರಳು ತೋರಿಸಿದ.

ಅವಳು ಟ್ರಿಗರನ್ನು ಮೆಲ್ಲಗೆ ಒತ್ತಿದಳು. ಮರುದಿನ ಇನ್ನೂ ಮೆಲ್ಲಗೆ. ಮನೆಯಲ್ಲಿ ಖಾಲಿ ಬೆರಳನ್ನೇ ನೂರು ಸಲ ಮಡಚಿ ಮಡಚಿ ರೂಢಿ ಮಾಡಿದಳು. ಗುರು ಹೇಳಿದ್ದೆಂದರೆ ಅವಳಿಗೆ ವೇದವಾಕ್ಯ. ತೂತುಗಳು ಕೂಡಲಿಲ್ಲ. ಒಂದು ದಿನ ಅಪರೂಪಕ್ಕೆ ಮೂರು ಒಟ್ಟಿಗೆ ಬಿದ್ದವು. ಶಿದ್ರಾಮಪ್ಪ ಅದನ್ನೇ ಹಿಡಿದುಕೊಂಡು, “ನೋಡಿದಿಯಲ್ಲ, ಬಟ್ಟಿಂದ ಐತಿ ಎಲ್ಲಾ” ಎಂದ. ಒಂದೇ ಒಂದು ಸಲ ತಾನೇ ಮಲಗಿ ಹೊಡೆದು ನೋಡಬಹುದಿತ್ತು. ನೋಡಲಿಲ್ಲ. ನೋಡಿದರೆ ಗೊತ್ತಾಗುತ್ತದೆ ಎಂಬ ಭಯ.

ಬೆಳಗಾವಿಯಲ್ಲಿ ಅವಳು ಕೆಳಗಿನಿಂದ ಮೂರನೆಯವಳಾದಳು. ಫಲಿತಾಂಶ ಓದಿದವರು ಮೈಕಿನಲ್ಲಿ ಇನ್ನೊಂದು ಮಾತನ್ನೂ ಹೇಳಿದರು. ಯಾರಿಗಾದರೂ ರೈಫಲ್ಲಿನ ದೋಷದಿಂದ ಅಡ್ಡಿಯಾಗಿದ್ದರೆ ಅವರ ಕ್ಲಬ್ಬಿನವರು ಹತ್ತು ದಿನದೊಳಗೆ ಬರೆದು ಕೊಡಬೇಕು, ಅಂಥವರಿಗೆ ಹನ್ನೆರಡನೆಯ ದಿನ ಮತ್ತೊಮ್ಮೆ ಹೊಡೆಯಲು ಕೊಡುತ್ತಾರೆ. ಪೂರ್ಣಿಮಾ ಅದನ್ನು ಕೇಳಿಸಿಕೊಂಡು ಶಿದ್ರಾಮಪ್ಪನ ಮುಖ ನೋಡಿದಳು. ಅವನು ರೈಫಲ್ಲಿನ ಚೀಲದ ಬಕ್ಕಲ್ ಬಿಗಿಯುತ್ತಿದ್ದ.

ಬಸ್ಸು ಗೋಕಾಕ ದಾಟಿದ ಮೇಲೆ ಅವಳೇ ಕೇಳಿದಳು: “ರೈಫಲ್ ಸುದ್ದ ಇತ್ತಲ್ರಿ ಕಾಕಾರ?”

“ಕನ್ನಡಿ ಇದ್ದಂಗ ಐತಿ. ನೀನ ನೋಡೀದಿಯಲ್ಲ.”

“ಹಂಗಾರ ನಂದ ತಪ್ಪು” ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಬನಹಟ್ಟಿಯಲ್ಲಿ ಇಳಿಯುವಾಗ ಎಂದಿನಂತೆ ಬಾಗಿ ಅವನ ಕಾಲು ಮುಟ್ಟಿ ಇಳಿದಳು.

ಮೂರನೆಯ ದಿನ ಶಿದ್ರಾಮಪ್ಪ ಒಬ್ಬನೇ ಕ್ಲಬ್ಬಿಗೆ ಹೋದ. ಡಾಕ್ಟರಿಂದ ಹತ್ತು ಗುಂಡು ಪಡೆದು, ಮರಳಿನ ಚೀಲದ ಮೇಲೆ ಮೂರನೇ ನಂಬರನ್ನು ಅಲುಗದಂತೆ ಕೂಡಿಸಿ ಹೊಡೆದ. ಹತ್ತೂ ಗುಂಡು ಅಕ್ಷತೆ ಎರಚಿದಂತೆ ಹಾಳೆಯ ತುಂಬ ಬಿದ್ದಿದ್ದವು. ಆಮೇಲೆ ಭೂತಗನ್ನಡಿ ತೆಗೆದು ನಳಿಗೆಯ ಬಾಯಿ ನೋಡಿದ. ಗುಂಡಗಿರಬೇಕಾದ ಅಂಚು ಒಂದು ಮಗ್ಗುಲಿಗೆ ಸವೆದು ಮೊಟ್ಟೆಯ ಆಕಾರವಾಗಿತ್ತು. ಆ ಹುಡುಗಿಯ ಬೆರಳು ಒಂದು ದಿನವೂ ಜಗ್ಗಿರಲಿಲ್ಲ.

ಇನ್ನೂ ಏಳು ದಿನ ಇತ್ತು. ಒಂದು ಹಾಳೆ ಬರೆದು ಡಾಕ್ಟರ ಸಹಿ ಹಾಕಿಸಿ ಕಳಿಸಿದರೆ ಸಾಕು. ಶಿದ್ರಾಮಪ್ಪ ಬಸ್ಸಿನಲ್ಲಿ ಕೂತು ಆ ಹಾಳೆಯನ್ನು ಮನಸ್ಸಿನಲ್ಲಿ ಬರೆದ: ನಾನು ಬಾಯಿಯಿಂದ ಸರಳು ಹಾಕಿ, ಗ್ಯಾರೇಜಿನ ಪೇಸ್ಟ್ ಹಚ್ಚಿ... ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಐದನೆಯ ದಿನ ಧೈರ್ಯ ಮಾಡಿ ಡಾಕ್ಟರ ದವಾಖಾನೆಗೆ ಹೋಗಿ ರೋಗಿಗಳ ಸಾಲಿನಲ್ಲಿ ಒಂದು ತಾಸು ಕೂತ. ಸರದಿ ಬಂತು.

“ಬಾ ಶಿದ್ರಾಮಪ್ಪ. ಏನಾತು? ಮಾರಿ ಯಾಕ ಬಾಡೇದ?” ಎಂದರು ಧೀರೇಂದ್ರ.

ಶಿದ್ರಾಮಪ್ಪ ಬಾಯಿ ತೆರೆದ. ಎದುರಿಗೆ ಡಾಕ್ಟರು, ಪಕ್ಕದಲ್ಲಿ ನರ್ಸು, ಬಾಗಿಲಲ್ಲಿ ಇಣುಕುತ್ತಿದ್ದ ಮುಂದಿನ ರೋಗಿ. “ಮಣಕಾಲು ನೋಯ್ತಾವ್ರಿ” ಎಂದ.

ಡಾಕ್ಟರು ಮೊಣಕಾಲು ಒತ್ತಿ ನೋಡಿ ಮುಲಾಮು ಬರೆದು ಕೊಟ್ಟರು. ಅವನು ಅದನ್ನು ತಂದು ಹಚ್ಚಿಕೊಂಡೂ ಬಿಟ್ಟ. ಹತ್ತನೆಯ ದಿನ ಹೋಯಿತು. ಹನ್ನೆರಡನೆಯ ದಿನವೂ ಹೋಯಿತು. ಗಡಿಯ ಯುದ್ಧದಲ್ಲಿ ಗುಂಡಿನ ನಡುವೆ ಬಂದೂಕು ಬಿಚ್ಚಿ ಜೋಡಿಸಿದ ಮನುಷ್ಯ ಒಂದು ಹಾಳೆಗೆ ಹೆದರಿ ಕೂತ. ಇದನ್ನು ಹೇಳುವಾಗ ಅವನ ಮೇಲೆ ಸಿಟ್ಟು ಬರುತ್ತದೆ, ಅಯ್ಯೋ ಎಂದೂ ಅನಿಸುತ್ತದೆ.

ದಾನಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ. ಮುಂದಿನ ವಾರ ಬನಹಟ್ಟಿಯ ಸಂತೆಗೆ ಹೋಗಿ ಬಂದವಳು ಚೀಲ ಇಳಿಸುತ್ತ ಹೇಳಿದಳು: “ನಿಮ್ಮ ಪೂರ್ಣಿಮಾ ಸಿಕ್ಕಿದ್ಲು. ಬಲಗೈ ಬಟ್ಟಿಗೆ ಅರಿವಿ ಸುತಗೊಂಡಾಳ. ಗಾಯ ಆಗೇತೇನ ಅಂದೆ. ಇಲ್ರಿ, ಅದು ಜಗ್ಗತೈತ್ರಿ, ಎಳಿ ಗಂಟ ಹಾಕೂವಾಗೂ ಜಗ್ಗತೈತಿ, ಅದಕ್ಕ ಕಟ್ಟೀನಿ ಅಂದ್ಲು. ಹಂಗೂ ಬಟ್ಟು ಜಗ್ಗತಾವೇನ್ರಿ?”

ಶಿದ್ರಾಮಪ್ಪ ಊಟಕ್ಕೆ ಕೂತವನು ಎದ್ದುಬಿಟ್ಟ. ತಾಟಿನಲ್ಲಿ ರೊಟ್ಟಿ ಹಾಗೇ ಇತ್ತು. ಚಪ್ಪಲಿ ಮೆಟ್ಟಿ ಆಟೋ ಹಿಡಿದು ಬನಹಟ್ಟಿಗೆ ಹೋದ.

ಮಾಂತೇಶನ ಶೆಡ್ಡಿನಲ್ಲಿ ನಾಲ್ಕೂ ಮಗ್ಗ ಓಡುತ್ತಿದ್ದವು, ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಪೂರ್ಣಿಮಾ ಎರಡನೆಯ ಮಗ್ಗದ ಮುಂದೆ ನಿಂತಿದ್ದಳು. ಶಿದ್ರಾಮಪ್ಪನನ್ನು ಕಂಡ ಮಾಂತೇಶ ಒಂದೊಂದಾಗಿ ಮಗ್ಗ ನಿಲ್ಲಿಸಿ, “ಬರ್ರಿ ಹವಾಲ್ದಾರ್ರ, ಕುಂದರ್ರಿ” ಎಂದು ಸ್ಟೂಲು ಹಾಕಿದ.

ಶಿದ್ರಾಮಪ್ಪ ಕೂರಲಿಲ್ಲ. ನಿಂತೇ ಹೇಳಿದ. ಕಾಯಿಯ ನೀರು, ಜಂಗು, ಗ್ಯಾರೇಜಿನ ಪೇಸ್ಟ್, ಬಾಯಿಯಿಂದ ಹಾಕಿದ ಸರಳು. ಮರಳಿನ ಚೀಲದ ಮೇಲಿಟ್ಟು ಹೊಡೆದ ಹತ್ತು ಗುಂಡು. “ನಿನ್ನ ಬಟ್ಟಿಂದು ಏನೂ ತಪ್ಪಿಲ್ಲವ್ವ. ನಳಗಿ ನಾ ಕೆಡಿಸೀನಿ” ಎಂದ.

ಮಾಂತೇಶ ತಲೆ ಮೇಲೆ ಕೈಯಿಟ್ಟು ಮಗ್ಗಕ್ಕೆ ಒರಗಿದ. “ನಾ ಆಕಿಗಿ ಬಾಯಿಗೆ ಬಂದಂಗ ಅಂದೀನ್ರಿ. ಮಂದಿ ಮುಂದ ಅಂದೀನಿ” ಎಂದು ಅದನ್ನೇ ಎರಡು ಸಲ ಹೇಳಿದ.

ಪೂರ್ಣಿಮಾ ಮೊದಲು ಕೇಳಿದ್ದು ಇಷ್ಟು: “ಹಂಗಾದ್ರ ನಾ ಬೆಳಗಾಂವ್ಯಾಗ ಛಲೋ ಹೊಡದಿದ್ನೇನ್ರಿ?”

“ಛಲೋ ಹೊಡದಿದ್ದಿ. ನಿನ್ನಂಗ ಅಲ್ಲಿ ಯಾರೂ ಹೊಡದಿರಲಿಲ್ಲ.”

ಅವಳ ಮುಖ ಒಂದು ಕ್ಷಣ ಅರಳಿತು. ಅದನ್ನು ನೋಡಿ ಶಿದ್ರಾಮಪ್ಪನಿಗೆ ಜೀವ ಬಂದಂತಾಯಿತು. ಆಮೇಲೆ ಅವಳು ಬೆರಳಿನ ಅರಿವೆ ಬಿಚ್ಚುತ್ತ ಬಿಚ್ಚುತ್ತ, “ನಿಮಗ ಯಾವಾಗ ಗೊತ್ತಾತ್ರಿ?” ಎಂದಳು.

ನಿನ್ನೆ ಎನ್ನಬಹುದಿತ್ತು. ಯಾರು ಸಾಕ್ಷಿ? ಗೂಟಕ್ಕೆ ನೇತು ಹಾಕಿದ ನೂಲಿನ ಲಡಿಗಳ ಕಡೆ ಶಿದ್ರಾಮಪ್ಪ ಕಣ್ಣು ಹೊರಳಿಸಿದ.

“ಬೆಳಗಾಂವ್ಲಿಂದ ಬಂದ ಮೂರನೇ ದಿನ” ಎಂದ.

“ಇನ್ನೂ ಏಳ ದಿನ ಇದ್ವಲ್ರಿ.”

“ಇದ್ದೂ.”

ಅವಳು ಅರಿವೆಯ ತುಂಡನ್ನು ಮಡಚಿ ಮಗ್ಗದ ಮೇಲಿಟ್ಟಳು. ಸ್ವಿಚ್ಚಿಗೆ ಕೈ ಹಾಕಿ ಮಗ್ಗ ಶುರು ಮಾಡಿದಳು. ಆ ಸಪ್ಪಳದಲ್ಲಿ ಇನ್ನು ಮಾತಾಡುವಂತಿರಲಿಲ್ಲ. ಶಿದ್ರಾಮಪ್ಪ ಹೊರಗೆ ಬಂದ. ಅಂದು ಅವಳು ಕಾಲು ಮುಟ್ಟಲಿಲ್ಲ.

ಅಲ್ಲಿಂದ ನೇರ ಜಮಖಂಡಿಗೆ ಹೋಗಿ ಡಾಕ್ಟರಿಗೂ ಹೇಳಿದ, ಉಡದಾರದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟ. ಧೀರೇಂದ್ರ, “ನನಗ ಮದಲ ಹೇಳಬೇಕಾಗಿತ್ತು ಶಿದ್ರಾಮಪ್ಪ. ನಾ ಏನ್ ಹುಲಿ ಇದ್ನೇನು?” ಎಂದರು. ಬೇರೆ ಕ್ಲಬ್ಬಿನವರಿಗೆ ಫೋನ್ ಮಾಡಿದರು, ಬೆಳಗಾವಿಗೆ ಪತ್ರ ಬರೆದರು. ಗಡುವು ಮುಗಿದಿದೆ ಎಂದು ಎರಡು ಸಾಲಿನ ಉತ್ತರ ಬಂತು. ಮೂರನೇ ನಂಬರಿಗೆ ಕೆಂಪು ಚೀಟಿ ಕಟ್ಟಿ ಕಪಾಟಿನ ತಳಕ್ಕೆ ಹಾಕಿದರು. ಕೀಲಿಯನ್ನು ಬೇರೆ ಯಾರೂ ತೆಗೆದುಕೊಳ್ಳುವವರಿಲ್ಲದ್ದರಿಂದ ಅದು ಶಿದ್ರಾಮಪ್ಪನ ಹತ್ತಿರವೇ ಉಳಿಯಿತು. ಅವನು ಬರುತ್ತಿದ್ದ, ಶೆಡ್ಡು ಗುಡಿಸುತ್ತಿದ್ದ, ಹೋಗುತ್ತಿದ್ದ. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಈಗ ಜಮಖಂಡಿಯವರೆಗೂ ಖಾಲಿ.

ಪೂರ್ಣಿಮಾ ಬಂದದ್ದು ಸಂಕ್ರಮಣ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ. ವಾರದ ರಜೆಯ ದಿನ ಮಗ್ಗ ನಿಂತಿರುತ್ತದೆ, ಅಷ್ಟು ಹೊತ್ತು ಮಾತ್ರ ಬಿಡುವು ಎಂದಳು. ಯಾವ ಆಯ್ಕೆಗೂ ಅಲ್ಲ, ಸುಮ್ಮನೆ ಹೊಡೆಯಲು. “ಒಂದನೇ ನಂಬರಿಂದು ತಗೀರಿ” ಎಂದಳು.

“ಅದು ಈಗ ಬರೂದಿಲ್ಲವ್ವ. ಭಾಳ ದಿನಾ ಯಾರೂ ಸರಿಯಾಗಿ ನೋಡಿಲ್ಲ, ಒಳಗ ಗುಂಡಿನ ಸೀಸ ಹಿಡದೈತಿ. ಪೇಸ್ಟ್ ಹಾಕಿ ತಿಕ್ಕಬೇಕು. ಹೊಸಾ ಡಬ್ಬಿ ಬಂದೈತಿ, ನಾ...”

“ನೀವು ಅಲ್ಲಿ ಕುಂದರ್ರಿ” ಎಂದು ಅವಳು ಗೋಡೆಯ ಹತ್ತಿರದ ಬೆಂಚು ತೋರಿಸಿದಳು. “ಬಾಯಿಲೆ ಹೇಳ್ರಿ. ಕೈ ಹಚ್ಚಬ್ಯಾಡ್ರಿ.”

ಶಿದ್ರಾಮಪ್ಪ ಹೋಗಿ ಕೂತ. ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ತೊಡೆಯ ಮೇಲಿಟ್ಟುಕೊಂಡ.

“ಮದಲ ಖಾಲಿ ಐತೇನ ನೋಡು. ಬೋಲ್ಟ್ ತಗಿ. ಹಿಂದಿನಿಂದ ಹಣಿಕಿ ಹಾಕು, ಆ ಕಡೆ ಬೆಳಕ ಕಾಣಬೇಕು.”

“ಕಾಣತೈತ್ರಿ.”

“ಕಿಡಕಿ ಎಲ್ಲಾ ತಗಿ, ಪೆಟ್ರೋಲ್ ವಾಸನಿ ಒಳಗ ನಿಂದರಬಾರದು. ಕೈಗವಸು ಹಾಕು, ಸೀಸ ಮೈಗೆ ಛಲೋ ಅಲ್ಲ. ಕಣ್ಣಿಗೆ ಚಸ್ಮಾ ಹಾಕು. ಈಗ ರೈಫಲ್ ಕಟ್ಟಿಗಿ ಕವಲಿನ ಮ್ಯಾಲ ಇಡು, ಬಾಯಿ ತುಸು ತೆಳಗಿರಲಿ.”

ಅವಳು ಹೇಳಿದಷ್ಟನ್ನೇ ಮಾಡಿದಳು. ಹಿತ್ತಾಳೆಯ ಕೊಳವೆ ಕೂಡಿಸಿದಳು. ಮೊದಲು ಬರೀ ಎಣ್ಣೆಯ ಚಿಂದಿ ಹಾಯಿಸಿ ಸಡಿಲ ಕಸ ತೆಗೆದಳು. ಆ ಕಸ ಉಳಿದರೆ ಪೇಸ್ಟಿನ ಜೊತೆ ಸೇರಿ ಗೀರುತ್ತದೆ ಎಂದು ಅವನು ಹೇಳಿದ. ಆಮೇಲೆ ಹೊಸ ಚಿಂದಿಗೆ ಸಾಸಿವೆಯಷ್ಟು ಪೇಸ್ಟ್. ಸರಳು ಹಿಂದಿನಿಂದ ಒಳಗೆ ಹೋಯಿತು.

“ಗಿಡ್ಡ ಗಿಡ್ಡ ಆಡಸು. ಪೂರಾ ಹೊರಗ ಬಿಡಬ್ಯಾಡ. ಬಾಯಿಂದ ಒಂದ ಬಟ್ಟು ಒಳಗ ಇದ್ದಾಗ ನಿಂದ್ರಸು, ಹಿಂದಕ್ಕ ಜಗ್ಗು. ಎಣಸು.”

“ಎಣಸಾಕತ್ತೇನ್ರಿ.”

“ಬಾಯಿ ಕಡೆಯಿಂದ ಎಂದೂ...” ಎಂದು ಶುರು ಮಾಡಿದ.

“ಗೊತ್ತೈತ್ರಿ” ಎಂದಳು ಅವಳು, ಸರಳಿನಿಂದ ಕಣ್ಣು ತೆಗೆಯದೆ.

ಹದಿನೈದಕ್ಕೆ ನಿಲ್ಲಿಸಿದಳು. ಒಣ ಚಿಂದಿ ಹಾಯಿಸಿದಳು, ಕಪ್ಪಾಗಿ ಬಂತು. ಪೆಟ್ರೋಲಿನ ಚಿಂದಿ, ಬೂದಿ ಬಣ್ಣ. ಮತ್ತೊಂದು, ಮತ್ತೊಂದು. ಗುಂಡು ಕೂರುವ ಜಾಗವನ್ನು ಬೇರೆ ಚಿಂದಿಯಿಂದ ಒರೆಸಿದಳು. ಪೇಸ್ಟಿನ ಒಂದು ಕಣ ಉಳಿದರೂ ಪ್ರತಿ ಗುಂಡೂ ನಳಿಗೆಯನ್ನು ತಿನ್ನುತ್ತ ಹೋಗುತ್ತದೆ ಎಂದು ಶಿದ್ರಾಮಪ್ಪ ಹೇಳುತ್ತಲೇ ಇದ್ದ. ಅವನ ಮಾತು ಮೆಲ್ಲನೆಯದಾಗುತ್ತ ಬಂದಿತ್ತು. ಒಂಬತ್ತನೆಯ ಚಿಂದಿ ಬೆಳ್ಳಗೆ ಬಂತು. ಕೊನೆಗೆ ಒಂದಿಷ್ಟು ತೆಳು ಎಣ್ಣೆ.

ಅವಳು ನಳಿಗೆಯನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. ಶಿದ್ರಾಮಪ್ಪನ ಬಲಗೈ ತೊಡೆಯಿಂದ ಎದ್ದು ಮುಂದಕ್ಕೆ ಚಾಚಿತ್ತು, ಅದು ಎದ್ದದ್ದು ಅವನಿಗೇ ತಿಳಿದಿರಲಿಲ್ಲ. ಪೂರ್ಣಿಮಾ ಆ ಕೈಯನ್ನು ನೋಡಿದಳು. ನಳಿಗೆಯನ್ನು ಕೊಡಲಿಲ್ಲ.

“ಛಲೋ ಆಗೇತೇನವ್ವ?” ಎಂದು ಅವನು ಕೇಳಿದ.

“ಆಗೇತ್ರಿ” ಎಂದು ಅವಳು ಬೋಲ್ಟ್ ಹಾಕಿದಳು.

ಶಿದ್ರಾಮಪ್ಪ ಅವಳ ಮಾತನ್ನು ನಂಬಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.